ನೆಲ ಡೊಂಕಾಗದ ಹಾಗೆ ಸ್ಪೇಸ್ ಶೂಟರ್ ಕಟ್ಟುವ ಬಗೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಠಿಣ ಆಟದಲ್ಲಿ ಸೋತು ಗೊಣಗುವವರಿಗೆ ಈ ಗಾದೆಯನ್ನು ಯಾರು ಬೇಕಾದರೂ ಹೇಳಬಹುದು, ಆಟವನ್ನು ಕಟ್ಟಿದವರು ಮಾತ್ರ ಹೇಳುವಂತಿಲ್ಲ. ಆಡುವವನು ನೆಲ ಡೊಂಕು ಎಂದಾಗ ಎದ್ದುಹೋಗಿ ನೆಲವನ್ನು ಅಳೆದು ನೋಡುವುದು ಕಟ್ಟಿದವರ ಕೆಲಸ. ಎಷ್ಟೋ ಸಲ ಅದು ನಿಜಕ್ಕೂ ಡೊಂಕಾಗಿರುತ್ತದೆ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತು, ಸ್ವಂತದ್ದೊಂದು ವಿಡಿಯೋ ಗೇಮ್ ಮಾಡಬೇಕೆಂದು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥವರಲ್ಲಿ ಹೆಚ್ಚಿನವರು ಮೊದಲೇ ದೊಡ್ಡ ನಗರ, ಕಾರು, ಬಂದೂಕು ಎಲ್ಲವೂ ಇರುವ ಆಟಕ್ಕೆ ಕೈ ಹಾಕುತ್ತಾರೆ. ಎರಡನೇ ಸೆಮಿಸ್ಟರ್ ಬರುವಷ್ಟರಲ್ಲಿ ಅದು ಯಾವುದೋ ಪೆನ್‌ಡ್ರೈವಿನ ಮೂಲೆ ಸೇರಿರುತ್ತದೆ. ಒಬ್ಬರೇ ಕುಳಿತು ಮುಗಿಸಬಹುದಾದದ್ದು ಬೇಕಿದ್ದರೆ ಆರ್ಕೇಡ್ (ಕಾಸು ಹಾಕಿ ಆಡುವ ಯಂತ್ರಗಳ) ಮಾದರಿಯ ಸ್ಪೇಸ್ ಶೂಟರ್ ಮಾಡಿ. ಒಂದು ನೌಕೆ, ಮೇಲಿನಿಂದ ಇಳಿಯುವ ಶತ್ರುಗಳು, ಎರಡೂ ಕಡೆಯ ಗುಂಡುಗಳು, ಕೊನೆಗೊಬ್ಬ ಬಾಸ್ ಅಂದರೆ ದೊಡ್ಡ ಶತ್ರು, ಸಾಮಾನು ಇಷ್ಟೇ. ಇದನ್ನು ಕಠಿಣವಾಗಿ ಮಾಡುವುದು ಏನೂ ಕಷ್ಟವಲ್ಲ, ಗುಂಡುಗಳ ವೇಗವನ್ನು ಇಮ್ಮಡಿ ಮಾಡಿದರೆ ಸಾಕು. ಕಠಿಣವಾಗಿದ್ದೂ ನ್ಯಾಯವಾಗಿರುವಂತೆ ಮಾಡುವುದೇ ಕಷ್ಟ. ಸತ್ತವನಿಗೆ ತಾನು ಏಕೆ ಸತ್ತೆ ಎಂಬುದು ಆ ಕ್ಷಣದಲ್ಲೇ ತಿಳಿಯಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿಗಾಗಿಯೇ ಇವೆ.

ಮೊದಲು ಎಂಜಿನ್, ಆಮೇಲೆ ಕೀಬೋರ್ಡ್

ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶ, ಯಾವುದಿರಲಿ ಎಂಬ ಚರ್ಚೆಯಲ್ಲಿ ವಾರ ಕಳೆಯಬೇಡಿ. ಗೊಡೊ ಎಂಜಿನ್ ಇಳಿಸಿಕೊಳ್ಳಿ (ಹುಡುಕುವಾಗ ಇಂಗ್ಲಿಷಿನಲ್ಲಿ ಕೊನೆಗೊಂದು ‘ಟಿ’ ಸೇರಿಸಿ). ಅದು ಉಚಿತ, ಮುಕ್ತ ತಂತ್ರಾಂಶ. ನೀವು ಮಾಡಿದ ಆಟದಿಂದ ಹಣ ಬಂದರೂ ಅದಕ್ಕೆ ಪಾಲು ಕೊಡಬೇಕಿಲ್ಲ. ನಾಲ್ಕನೇ ಆವೃತ್ತಿಯನ್ನೇ ಹಾಕಿಕೊಳ್ಳಿ, ಮೂರನೆಯದು ಬೇಡ. ಕಾರಣವನ್ನು ಕನ್ನಡ ಅಕ್ಷರಗಳ ವಿಷಯ ಬಂದಾಗ ಹೇಳುತ್ತೇನೆ. ಭಾಷೆಯಾಗಿ ಅದರದ್ದೇ ಜಿಡಿಸ್ಕ್ರಿಪ್ಟ್ ಸಾಕು. ಪೈಥಾನ್ ಗೊತ್ತಿದ್ದರೆ ಒಂದು ವಾರಾಂತ್ಯದಲ್ಲಿ ಕೈಗೆ ಹತ್ತುತ್ತದೆ.

ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಊರುಗಳಲ್ಲಿ ಇರುವವರು ಮೊದಲ ದಿನದಿಂದಲೇ ಕೋಡಿನ ಹಳೆಯ ಪ್ರತಿಗಳನ್ನು ಉಳಿಸಿಡುವ ಗಿಟ್ ಬಳಸಿ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಕೀಬೋರ್ಡಿನ ಬಗ್ಗೆ ಮಾತ್ರ ಹೇಳಲೇಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಎಡ ಬಾಣ, ಮೇಲಿನ ಬಾಣ, ಸ್ಪೇಸ್ ಬಾರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕೆಲವು ಸಲ ಮೂರನೆಯದು ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಕೀಲಿಗಳ ಕೆಳಗಿನ ತಂತಿಗಳು ಅಡ್ಡಸಾಲು, ಉದ್ದಸಾಲುಗಳ ಜಾಲವಾಗಿರುವುದರಿಂದ ಕೆಲವು ಮೂರು ಕೀಲಿಗಳ ಗುಂಪನ್ನು ಅದು ಬೇರ್ಪಡಿಸಿ ಓದಲಾರದು. ಆಡುವವನ ಕಣ್ಣಿಗೆ ಕಾಣುವುದು ಇಷ್ಟು: ಎಡ ಮೇಲಿನ ಮೂಲೆಗೆ ಓಡುವಾಗ ಮಾತ್ರ ತನ್ನ ಬಂದೂಕು ನಿಂತುಹೋಗುತ್ತದೆ. ಅವನು ಆಟವನ್ನು ಬೈಯುತ್ತಾನೆ, ಬೈಯಲೂಬೇಕು. ನಿಮ್ಮ ಕೀಬೋರ್ಡಿನಲ್ಲಿ ಪರೀಕ್ಷಿಸಲು ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಎರಡು ಬಾಣಗಳನ್ನು ಒತ್ತಿ ಹಿಡಿದು ಸ್ಪೇಸ್ ಒತ್ತಿ. ಅಕ್ಷರಗಳು ಪಕ್ಕಕ್ಕೆ ಸರಿಯದಿದ್ದರೆ ತೊಂದರೆ ಇದೆ ಎಂದರ್ಥ. ಆದ್ದರಿಂದ ಗುಂಡು ಹಾರಿಸಲು ಸ್ಪೇಸ್ ಬಾರನ್ನು ನೆಚ್ಚಬೇಡಿ. ಜೆಡ್ ಕೀಲಿ ಇಡಿ, ಒತ್ತಿ ಹಿಡಿದರೆ ತಾನಾಗಿಯೇ ಹಾರುತ್ತಿರಲಿ, ಜೊತೆಗೆ ಕೀಲಿಗಳನ್ನು ಬದಲಿಸಿಕೊಳ್ಳುವ ಪರದೆಯನ್ನೂ ಕೊಡಿ. ಗುಂಡುಗಳ ನಡುವೆ ನುಸುಳಲು ನೌಕೆಯನ್ನು ನಿಧಾನ ಮಾಡುವ ಕೀಲಿಯಾಗಿ ಶಿಫ್ಟ್ ಇಡುವ ರೂಢಿಯಿದೆ, ಆದರೆ ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ತಟ್ಟಿದರೆ ಸ್ಟಿಕ್ಕಿ ಕೀಸ್ ಬೇಕೇ ಎಂದು ಕೇಳುವ ಪೆಟ್ಟಿಗೆ ಬಾಸ್‌ನ ಎದುರೇ ಬಂದು ನಿಲ್ಲುತ್ತದೆ. ಎಕ್ಸ್ ಕೀಲಿಗೂ ಅದೇ ಕೆಲಸ ಕೊಟ್ಟಿಡಿ.

ನೌಕೆ

ನೌಕೆಗೆ ಜಡತ್ವ ಬೇಡ. ಕೀಲಿ ಒತ್ತಿದ ಕ್ಷಣ ಪೂರ್ಣ ವೇಗ, ಬಿಟ್ಟ ಕ್ಷಣ ನಿಲುಗಡೆ. ಜಾರುವ ನೌಕೆ ನೋಡಲು ಚೆಂದ, ಆದರೆ ಗುಂಡುಗಳ ನಡುವೆ ಹಾದುಹೋಗಬೇಕಾದವನಿಗೆ ಅದು ಶಿಕ್ಷೆ. 1280ಕ್ಕೆ 720 ಪಿಕ್ಸೆಲ್ ಪರದೆಯಾದರೆ ಸೆಕೆಂಡಿಗೆ ಸುಮಾರು 350 ಪಿಕ್ಸೆಲ್ ವೇಗದಿಂದ ಶುರುಮಾಡಿ, ನಿಧಾನ ಕೀಲಿ ಒತ್ತಿದಾಗ ಅದರ ಅರ್ಧಕ್ಕಿಂತ ಕಡಿಮೆ ಇರಲಿ. ಮೂಲೆಗೆ ಓಡುವಾಗ ಅಡ್ಡ ವೇಗ, ನೇರ ವೇಗ ಎರಡೂ ಕೂಡಿ 1.41 ಪಟ್ಟು ಆಗುತ್ತದೆ. ದಿಕ್ಕಿನ ವೆಕ್ಟರನ್ನು ಒಂದರ ಅಳತೆಗೆ ಇಳಿಸಿ ಆಮೇಲೆ ವೇಗದಿಂದ ಗುಣಿಸಿ. ಗೊಡೊದಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ.

ಚಲನೆ, ಗುಂಡು, ಡಿಕ್ಕಿ ಎಲ್ಲದರ ಲೆಕ್ಕವನ್ನೂ ಸೆಕೆಂಡಿಗೆ 60 ಸಲ ನಿಗದಿಯಾಗಿ ಓಡುವ ಗೊಡೊದ ‘ಫಿಸಿಕ್ಸ್ ಪ್ರೊಸೆಸ್’ ಫಂಕ್ಷನ್ನಿನೊಳಗೆ ಬರೆಯಿರಿ. ಪರದೆ ಚಿತ್ರಿಸುವ ವೇಗಕ್ಕೆ ಕಟ್ಟಿದರೆ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ಆಟ, ಕಾಲೇಜ್ ಲ್ಯಾಬಿನ ಹಳೆಯ ಯಂತ್ರದಲ್ಲಿ ಇನ್ನೊಂದು ಆಟ ಆಗುತ್ತದೆ.

ಇನ್ನು ಹಿಟ್‌ಬಾಕ್ಸ್, ಅಂದರೆ ಗುಂಡು ತಾಗಿದರೆ ಸಾಯುವ ಜಾಗ. ಹೊಸಬರು ನೌಕೆಯ ಚಿತ್ರದಷ್ಟೇ ಅಗಲದ ಚೌಕ ಇಡುತ್ತಾರೆ. ರೆಕ್ಕೆಯ ತುದಿಯ ಖಾಲಿ ಪಿಕ್ಸೆಲ್‌ಗೆ ಗುಂಡು ತಾಗಿ ನೌಕೆ ಸಿಡಿದಾಗ ಆಡುವವನಿಗೆ ಮೋಸ ಅನ್ನಿಸುತ್ತದೆ, ಅದು ಮೋಸವೇ. ನೌಕೆ 48 ಪಿಕ್ಸೆಲ್ ಅಗಲವಿದ್ದರೆ ಹಿಟ್‌ಬಾಕ್ಸ್ ಆರೇಳು ಪಿಕ್ಸೆಲ್‌ನ ವೃತ್ತವಾಗಿ ನಡುವಿನಲ್ಲಿರಲಿ, ನಿಧಾನ ಕೀಲಿ ಒತ್ತಿದಾಗ ಅದೊಂದು ಬಿಳಿ ಚುಕ್ಕೆಯಾಗಿ ಕಾಣಲಿ. ಶತ್ರುವಿನ ಗುಂಡಿನ ಹಿಟ್‌ಬಾಕ್ಸೂ ಅದರ ಚಿತ್ರಕ್ಕಿಂತ ಚಿಕ್ಕದಿರಲಿ. ನಿಮ್ಮ ಗುಂಡಿನದು ಮಾತ್ರ ಚಿತ್ರಕ್ಕಿಂತ ದೊಡ್ಡದಿರಲಿ. ಈ ಪಕ್ಷಪಾತವನ್ನು ಯಾರೂ ಗಮನಿಸುವುದಿಲ್ಲ, ಗಮನಿಸಿದರೂ ಯಾರೂ ದೂರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಗುಂಡು ಸೆಕೆಂಡಿಗೆ 1,500 ಪಿಕ್ಸೆಲ್ ಓಡಿದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ 25 ಪಿಕ್ಸೆಲ್ ಜಿಗಿಯುತ್ತದೆ. ಶತ್ರು 20 ಪಿಕ್ಸೆಲ್ ದಪ್ಪವಿದ್ದರೆ ಗುಂಡು ಅವನನ್ನು ಮುಟ್ಟದೆಯೇ ಆಚೆ ಹೋಗಿರಬಹುದು. ಗುಂಡಿನ ಹಿಟ್‌ಬಾಕ್ಸನ್ನು ಓಡುವ ದಿಕ್ಕಿಗೆ 30 ಪಿಕ್ಸೆಲ್ ಉದ್ದ ಮಾಡಿದರೆ ಈ ತಾಪತ್ರಯ ತಪ್ಪುತ್ತದೆ.

ಗುಂಡುಗಳು

ಆಟದ ಸ್ವಭಾವವೆಲ್ಲ ನಿರ್ಧಾರವಾಗುವುದು ಇಲ್ಲೇ, ಆದ್ದರಿಂದ ಇಲ್ಲಿ ಅವಸರ ಬೇಡ.

ಮೊದಲು ಕಾಲದ ಲೆಕ್ಕ. ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಪರದೆ ತುಂಬ ಗುಂಡುಗಳಿದ್ದು ಯಾವುದನ್ನು ತಪ್ಪಿಸಬೇಕು ಎಂದು ಯೋಚಿಸಬೇಕಾದಾಗ ಅರ್ಧ ಸೆಕೆಂಡ್ ಎಂದೇ ಇಟ್ಟುಕೊಳ್ಳಿ. ಗುಂಡಿನ ವೇಗ ಸೆಕೆಂಡಿಗೆ 240 ಪಿಕ್ಸೆಲ್ ಇದ್ದರೆ ಮೇಲಿನಿಂದ ಕೆಳಗಿಳಿಯಲು ಮೂರು ಸೆಕೆಂಡ್, ಧಾರಾಳ ಕಾಲ. ಅದೇ ಶತ್ರು 120 ಪಿಕ್ಸೆಲ್ ಹತ್ತಿರಕ್ಕೆ ಬಂದು ಹಾರಿಸಿದರೆ ಉಳಿಯುವುದು ಅರ್ಧ ಸೆಕೆಂಡ್ ಮಾತ್ರ, ಅದಕ್ಕಿಂತ ಹತ್ತಿರವಾದರೆ ಯಾರ ಕೈಲೂ ಆಗದು. ಆದ್ದರಿಂದ ನೌಕೆಯಿಂದ 150 ಪಿಕ್ಸೆಲ್ ಒಳಗಿರುವ ಶತ್ರು ಗುಂಡು ಹಾರಿಸಕೂಡದು ಎಂಬ ನಿಯಮ ಬರೆಯಿರಿ. ಜಪಾನಿನ ಅನೇಕ ಆರ್ಕೇಡ್ ಶೂಟರ್‌ಗಳಲ್ಲಿ ಇಂಥ ನಿಯಮ ಇತ್ತು. ಇದರಿಂದ ಆಟ ಸುಲಭವಾಗುತ್ತದೆ ಎಂದು ಹೆದರಬೇಡಿ. ಶತ್ರುವಿನ ಮೂತಿಯ ಎದುರೇ ಹೋಗಿ ಅವನ ಬಾಯಿ ಮುಚ್ಚಿಸಬಹುದು ಎಂದು ಗೊತ್ತಾದವನು ಧೈರ್ಯ ಮಾಡುತ್ತಾನೆ, ಧೈರ್ಯ ಮಾಡಿದವನು ಬೇರೆ ಕಡೆ ಸಿಕ್ಕಿಬೀಳುತ್ತಾನೆ.

ಗುಂಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಹಾರಿಸುವ ಕ್ಷಣದಲ್ಲಿ ನೌಕೆ ಎಲ್ಲಿತ್ತೋ ಅತ್ತ ನೇರವಾಗಿ ಬರುವ ಗುರಿಗುಂಡು. ಇನ್ನೊಂದು, ನೌಕೆ ಎಲ್ಲಿದ್ದರೂ ತನ್ನ ದಾರಿಯನ್ನೇ ಹಿಡಿಯುವ ಸ್ಥಿರಗುಂಡು. ಗುರಿಗುಂಡು ಬಂದರೆ ಕದಲಬೇಕು, ಸ್ಥಿರಗುಂಡು ಬಂದರೆ ಸಂದಿಯಲ್ಲಿ ನಿಲ್ಲಬೇಕು. ಒಂದು ಜಾತಿಯನ್ನೇ ಎಷ್ಟು ಸುರಿದರೂ ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ. ಎರಡನ್ನೂ ಕೂಡಿಸಿದಾಗ, ಕದಲಲೇಬೇಕು ಆದರೆ ಎಲ್ಲಿಗೆ ಎಂದು ನೋಡಿಕೊಂಡು ಕದಲಬೇಕು ಎಂಬ ಇಕ್ಕಟ್ಟು ಹುಟ್ಟುತ್ತದೆ.

ಬೀಸಣಿಗೆಯಾಗಿ ಹರಡುವ ಗುರಿಗುಂಡುಗಳಲ್ಲಿ ಸಂಖ್ಯೆ ಬೆಸವೋ ಸಮವೋ ಎಂಬುದು ದೊಡ್ಡ ಮಾತು. ಮೂರು ಗುಂಡುಗಳ ಬೀಸಣಿಗೆಯಲ್ಲಿ ನಡುವಿನದು ನೇರ ನಿಮ್ಮತ್ತ ಬರುತ್ತದೆ, ನಿಂತಿದ್ದರೆ ಸಾವು. ನಾಲ್ಕರದ್ದಾದರೆ ನಡುವಿನ ಎರಡು ನಿಮ್ಮ ಎರಡು ಪಕ್ಕದಲ್ಲಿ ಹಾದುಹೋಗುತ್ತವೆ. ನಿಂತವನು ಬದುಕುತ್ತಾನೆ, ಗಾಬರಿಯಾಗಿ ಓಡಿದವನು ಸಾಯುತ್ತಾನೆ. ಮೊದಲ ಲೆವೆಲ್‌ನಲ್ಲಿ ಮೂರರ ಶತ್ರುವನ್ನು ಒಬ್ಬನನ್ನೇ ತನ್ನಿ. ಸ್ವಲ್ಪ ಹೊತ್ತಿನ ಮೇಲೆ ನಾಲ್ಕರವನನ್ನು, ಅವನನ್ನೂ ಒಂಟಿಯಾಗಿಯೇ. ಇಬ್ಬರ ಆಕಾರವೂ ಬಣ್ಣವೂ ಬೇರೆ ಇರಲಿ. ಆಮೇಲೆ ಇಬ್ಬರನ್ನೂ ಜೊತೆಗೆ ಕಳುಹಿಸಿ. ಒಂದು ಸಾಲಿನ ಸೂಚನೆಯನ್ನೂ ಬರೆಯದೆ ನೀವು ಪಾಠ ಹೇಳಿ ಮುಗಿಸಿರುತ್ತೀರಿ.

ಒಂದೇ ಸಮ ಗುರಿಗುಂಡು ಹಾರಿಸುವ ಶತ್ರುವಿನೆದುರು ಆಡುವವನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಒಂದು ಪಕ್ಕಕ್ಕೆ ಸರಿಯುತ್ತಾ ಹೋಗುತ್ತಾನೆ, ಗುಂಡುಗಳು ಅವನ ಬೆನ್ನ ಹಿಂದೆ ಸಾಲಾಗಿ ಬೀಳುತ್ತವೆ. ಚೆನ್ನಾಗಿಯೇ ಇದೆ, ಆದರೆ ಪರದೆಯ ಅಂಚು ಬಂದಾಗ ಏನು? ಅಲ್ಲಿ ಶತ್ರು ಅರ್ಧ ಸೆಕೆಂಡ್ ಉಸಿರು ಬಿಡಲಿ, ಆ ಬಿಡುವಿನಲ್ಲಿ ಸಾಲನ್ನು ದಾಟಿ ಹಿಂದಕ್ಕೆ ಬರುವ ಕಿಂಡಿ ತೆರೆಯಲಿ. ಆ ಕಿಂಡಿಯನ್ನು ಅಗಲ ಕಿರಿದು ಮಾಡುತ್ತಾ ಹೋದರೆ ಒಬ್ಬನೇ ಶತ್ರು ಐದು ಲೆವೆಲ್‌ಗೂ ಸಾಕಾಗುತ್ತಾನೆ.

ನೌಕೆಯನ್ನು ಬೆನ್ನಟ್ಟುವ ಗುಂಡು ಬೇಕೇಬೇಕೆಂದರೆ ಒಂದು ಸೆಕೆಂಡ್ ಮಾತ್ರ ತಿರುಗಲಿ, ಆಮೇಲೆ ನೇರ ಹೋಗಲಿ. ನನ್ನನ್ನು ಕೇಳಿದರೆ ಬೇಡವೇ ಬೇಡ.

ಶತ್ರುಗಳು ಬರುವ ಜಾಗ, ಕಾಲಗಳನ್ನು ಪಗಡೆ ಹಾಕಿ ನಿರ್ಧರಿಸಬೇಡಿ. ಇಂದು ಎಡದಿಂದ ಬಂದದ್ದು ನಾಳೆ ಬಲದಿಂದ ಬಂದರೆ ಆಡುವವನು ಕಲಿತದ್ದಕ್ಕೆ ಬೆಲೆಯೇ ಇಲ್ಲ. ಚೆನ್ನಾಗಿ ಆಡಿದಷ್ಟೂ ಒಳಗೊಳಗೇ ಕಠಿಣವಾಗುವ ಲೆಕ್ಕವನ್ನೂ ಮೊದಲ ಆಟದಲ್ಲಿ ಇಡಬೇಡಿ. 1996ರ ‘ಬ್ಯಾಟಲ್ ಗರೆಗ್ಗಾ’ ಎಂಬ ಜಪಾನಿ ಶೂಟರ್‌ನಲ್ಲಿ ಗುಂಡು ಹಾರಿಸುವುದರಿಂದಲೇ ಕಾಠಿಣ್ಯ ಏರುತ್ತಿತ್ತು, ಅದನ್ನು ಮೆಚ್ಚುವವರು ಇಂದಿಗೂ ಇದ್ದಾರೆ, ಆದರೆ ಅಂಥದ್ದನ್ನು ತೂಗಿಸಲು ಬಹಳ ಪಳಗಿದ ಕೈ ಬೇಕು. ಕಣ್ಣಿಗೆ ಕಾಣುವ ಏರಿಕೆಯೇ ನಿಮಗೆ ಲೇಸು. 1978ರಲ್ಲಿ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದಾಗ ಅಂದಿನ ಪ್ರೊಸೆಸರಿಗೆ ಅಷ್ಟೊಂದು ಶತ್ರುಗಳನ್ನು ಚಿತ್ರಿಸುವುದೇ ಭಾರವಾಗಿತ್ತು. ಶತ್ರುಗಳು ಸತ್ತು ಕಡಿಮೆಯಾದಂತೆ ಚಿತ್ರಿಸುವ ಕೆಲಸ ಕಡಿಮೆಯಾಗಿ, ಉಳಿದವರು ತಾವಾಗಿಯೇ ವೇಗವಾಗಿ ಓಡತೊಡಗಿದರು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಬಿಟ್ಟರು. ಕೊನೆಯ ಶತ್ರು ಏಕೆ ಅಷ್ಟು ಜೋರಾಗಿ ಓಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೆದುರೇ ಗುಂಪು ಕರಗುತ್ತಿತ್ತಲ್ಲ.

ಪರದೆಯಿಂದ ಆಚೆ ಹೋದ ಗುಂಡುಗಳನ್ನು ಅಳಿಸಲು ಮರೆಯಬೇಡಿ, ಇಲ್ಲದಿದ್ದರೆ ಮೂರನೇ ಲೆವೆಲ್ ಹೊತ್ತಿಗೆ ಯಂತ್ರ ಏದುಸಿರು ಬಿಡುತ್ತದೆ.

ಬಣ್ಣ

ನೋಕಿಯಾ 3310ರಲ್ಲಿ ‘ಸ್ಪೇಸ್ ಇಂಪ್ಯಾಕ್ಟ್’ ಆಡಿದವರಿಗೆ ನೆನಪಿರಬಹುದು: 84ಕ್ಕೆ 48 ಪಿಕ್ಸೆಲ್ ಪರದೆ, ಕಪ್ಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಆದರೂ ಏನು ತಾಗಿ ಸತ್ತೆ ಎಂಬ ಗೊಂದಲ ಇರಲಿಲ್ಲ, ಕಂಡದ್ದರಲ್ಲಿ ಹೆಚ್ಚಿನದು ಕೊಲ್ಲುವಂಥದ್ದೇ ಆಗಿತ್ತು. ನಮ್ಮ ಬಳಿ ಈಗ ಕೋಟಿಗಟ್ಟಲೆ ಬಣ್ಣಗಳಿರುವುದೇ ಕಷ್ಟ. ಫಿನ್‌ಲೆಂಡಿನ ಸಿಸ್ಟಮ್ ಇರೇಷರ್ ಎಂಬ ಪುಟ್ಟ ತಂಡ 2018ರಲ್ಲಿ ಹೊರತಂದ ‘ಝೀರೋರೇಂಜರ್’ ಹೆಚ್ಚುಕಡಿಮೆ ಹಸಿರು, ಕಿತ್ತಳೆ ಎರಡರಲ್ಲೇ ಇಡೀ ಆಟವನ್ನು ನಡೆಸುತ್ತದೆ. ಒಮ್ಮೆ ಆಡಿ ನೋಡಿ.

ನಿಯಮ ಸರಳ. ಶತ್ರುಗುಂಡಿಗೆ ಒಂದು ಬಣ್ಣ ಕೊಡಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಬ್ಯಾಡಗಿ ಮೆಣಸಿನಕಾಯಿಯ ಗಾಢ ಕೆಂಪು ಎಷ್ಟೇ ಚೆಂದವಿದ್ದರೂ ಕಪ್ಪು ಆಕಾಶದ ಮೇಲೆ ಮುಳುಗಿಹೋಗುತ್ತದೆ, ಕೆಲವು ಬಗೆಯ ಬಣ್ಣಗುರುಡು ಇರುವವರಿಗಂತೂ ಬಹುತೇಕ ಕಾಣುವುದೇ ಇಲ್ಲ. ನಡುವೆ ಬಿಳಿ, ಅಂಚಿಗೆ ಗುಲಾಬಿ ಅಥವಾ ಕಿತ್ತಳೆ ಇಟ್ಟರೆ ಯಾವ ಹಿನ್ನೆಲೆಯ ಮೇಲೂ ಎದ್ದು ಕಾಣುತ್ತದೆ. ಚಿತ್ರಿಸುವ ಕ್ರಮದಲ್ಲಿ ಶತ್ರುಗುಂಡು ಎಲ್ಲಕ್ಕಿಂತ ಮೇಲಿರಬೇಕು, ಸ್ಫೋಟದ ಹೊಗೆಗಿಂತಲೂ. ಸ್ಫೋಟವನ್ನು ಎಷ್ಟು ಅಬ್ಬರವಾಗಿ ಮಾಡಿದರೂ ಅದರಡಿ ಒಂದು ಗುಂಡು ಅಡಗಿದ್ದರೆ ಆ ಅಬ್ಬರವೇ ಕೊಲೆಗಾರ.

ಹಿನ್ನೆಲೆಗೆ ನಮ್ಮ ಕಡೆಯ ಜಾಗಗಳು ಬೇಕೆನ್ನುವವರು ಅನೇಕರು. ಕಪ್ಪತಗುಡ್ಡದ ಸಾಲು, ಮೇಲೆ ಗಾಳಿಯಂತ್ರಗಳು, ನೋಡಲು ಸೊಗಸು. ಆದರೆ ತಿರುಗುವ ಬಿಳಿ ರೆಕ್ಕೆ ಕಣ್ಣನ್ನು ಎಳೆಯುತ್ತದೆ. ಹಿನ್ನೆಲೆಯ ಹೊಳಪನ್ನು ಅರ್ಧಕ್ಕಿಂತ ಕೆಳಗಿಳಿಸಿ, ರೆಕ್ಕೆಗಳನ್ನು ಬಹಳ ನಿಧಾನ ಮಾಡಿ. ಬಾಸ್‌ಗೆ ಆಕಾರ ಹುಡುಕುವವರು ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿ. ಸಾಲು ಸಾಲು ಮೆಟ್ಟಿಲು, ಅವುಗಳ ನಡುವೆ ಪುಟ್ಟ ಗೂಡುಗಳು; ಯಾವ ಗೂಡಿನಿಂದ ಯಾವ ಗುಂಡು ಬರಬೇಕೆಂದು ಅದೇ ಹೇಳಿಕೊಡುತ್ತದೆ.

ಉದ್ದ, ಸಾವು, ಮರುಜನ್ಮ

ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು; ಲಗೇಜ್ ಹೊತ್ತು ಅದರ ತುದಿಯಿಂದ ತುದಿಗೆ ನಡೆದವರಿಗೆ ಉದ್ದಕ್ಕೂ ಸ್ವಾರಸ್ಯಕ್ಕೂ ಸಂಬಂಧವಿಲ್ಲವೆಂದು ಗೊತ್ತು. ಲೆವೆಲ್ ಮೂರರಿಂದ ನಾಲ್ಕು ನಿಮಿಷ, ಬಾಸ್ ಒಂದೂವರೆ ನಿಮಿಷ ಮೀರದಿರಲಿ. ಐದು ಲೆವೆಲ್ ಮಾಡಿದರೆ ಅರ್ಧ ಗಂಟೆಯೊಳಗಿನ ಆಟವಾಯಿತು. ಕಠಿಣ ಆಟಕ್ಕೆ ಅಷ್ಟು ಸಾಕು. ಆಡುವವನಿಗೆ ಅದನ್ನು ಗೆದ್ದು ಮುಗಿಸಲು ತಿಂಗಳು ಹಿಡಿಯುತ್ತದೆ.

ಸತ್ತ ಮೇಲೆ ಎಲ್ಲಿಂದ ಮತ್ತೆ ಶುರು? ಕೊನಾಮಿಯ ‘ಗ್ರಾಡಿಯಸ್’ (1985) ದಾಟಿ ಬಂದ ಹಿಂದಿನ ಚೆಕ್‌ಪಾಯಿಂಟಿಗೆ ಕಳುಹಿಸಿ, ಗಳಿಸಿದ್ದ ಆಯುಧಗಳನ್ನೆಲ್ಲ ಕಿತ್ತುಕೊಳ್ಳುತ್ತಿತ್ತು. ಕೊನೆಯ ಲೆವೆಲ್‌ಗಳಲ್ಲಿ ಒಮ್ಮೆ ಸತ್ತರೆ ಬರಿಗೈಯಲ್ಲಿ ಮತ್ತೆ ಏಳುವುದು ಬಹುತೇಕ ಅಸಾಧ್ಯ. ಆ ಕ್ರೌರ್ಯಕ್ಕೆ ಅದರದ್ದೇ ಅಭಿಮಾನಿಗಳಿದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ಸತ್ತ ಜಾಗದಲ್ಲೇ ಎಬ್ಬಿಸಿ, ಎರಡು ಸೆಕೆಂಡ್ ಯಾವ ಗುಂಡೂ ತಾಗದಂತೆ ಮಾಡಿ, ಆಯುಧದ ಬಲವನ್ನು ಒಂದು ಮೆಟ್ಟಿಲು ಮಾತ್ರ ಇಳಿಸಿ. ಜೀವಗಳೆಲ್ಲ ಮುಗಿದಾಗ ‘ಮತ್ತೆ ಆಡು’ ಒತ್ತಿದರೆ ಒಂದು ಸೆಕೆಂಡಿನೊಳಗೆ ನೌಕೆ ಹಾರುತ್ತಿರಬೇಕು. ಕಥೆ, ಲೋಗೋ, ಮೆನು ಯಾವುದೂ ನಡುವೆ ಬರಕೂಡದು.

ಬೇರೆಯವರ ಕೈಗೆ ಕೊಡುವುದು

ತಿಂಗಳುಗಟ್ಟಲೆ ಆಡಿದ ನಿಮಗೆ ನಿಮ್ಮ ಆಟ ನಿದ್ದೆಗಣ್ಣಿನಲ್ಲೂ ಸಲೀಸು. ಆದ್ದರಿಂದ ಅದರ ಕಾಠಿಣ್ಯದ ಬಗ್ಗೆ ನಿಮ್ಮ ಅಭಿಪ್ರಾಯಕ್ಕೆ ಕಿಮ್ಮತ್ತಿಲ್ಲ. ವಿದ್ಯಾನಗರದ ಹಾಸ್ಟೆಲುಗಳಲ್ಲಿ ಸಂಜೆ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಹೋದರೆ ಆಡಿ ನೋಡುವವರಿಗೆ ಬರವಿಲ್ಲ. ಅವರ ಹಿಂದೆ ಕುಳಿತುಕೊಳ್ಳಿ, ಬಾಯಿ ಮುಚ್ಚಿಕೊಳ್ಳಿ. ‘ಅಲ್ಲಿ ಎಡಕ್ಕೆ ಹೋಗಬೇಕು’ ಎಂದು ನೀವು ಒಮ್ಮೆ ಹೇಳಿದರೆ ಆ ಪರೀಕ್ಷೆ ಅಲ್ಲಿಗೆ ಕೆಟ್ಟಿತು.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಾವಿನ ಮರುಕ್ಷಣ ಅವರ ಬಾಯಿಂದ ಬಂದ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಒಂದು ಸಂಜೆ ಗದಗಿನ ಡಿಪ್ಲೊಮಾ ಹುಡುಗನೊಬ್ಬ ಎರಡನೇ ಬಾಸ್‌ನೆದುರು ಸತ್ತು, ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ‘ಅಣ್ಣಾ, ಇದು ಎಲ್ಲಿಂದ ಬಂತು?’ ಎಂದ. ಬಾಸ್‌ನ ರೆಕ್ಕೆ ಸಿಡಿದ ಹೊಗೆಯ ಅಡಿಯಿಂದ ಬಂದಿತ್ತು. ‘ಎಲ್ಲಿಂದ ಬಂತು’ ಎಂದರೆ ಬಣ್ಣದ, ಚಿತ್ರಿಸುವ ಕ್ರಮದ ದೋಷ. ‘ನನಗೆ ತಾಗಲೇ ಇಲ್ಲವಲ್ಲ’ ಎಂದರೆ ಹಿಟ್‌ಬಾಕ್ಸ್ ದೋಷ. ‘ಒತ್ತಿದೆ, ಹೋಗಲಿಲ್ಲ’ ಎಂದರೆ ಕೀಬೋರ್ಡ್ ನೋಡಿ. ‘ಏನು ಮಾಡಬೇಕಿತ್ತು?’ ಎಂದರೆ ಆ ಶತ್ರುವನ್ನು ನೀವು ಒಂಟಿಯಾಗಿ ಪರಿಚಯಿಸಿಲ್ಲ. ‘ಛೆ, ಹೆದರಿ ಓಡಿದೆ, ನಿಲ್ಲಬೇಕಿತ್ತು’ ಎಂದರೆ ಆ ಜಾಗವನ್ನು ಮುಟ್ಟಬೇಡಿ, ಅಲ್ಲಿ ಎಷ್ಟು ಜನ ಸತ್ತರೂ ಸರಿ. ಹುಡುಗರು ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾರೆ. ಅದನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ಆಟ ಮುಗಿದ ಮೇಲೆ ಮೊಬೈಲ್ ನೋಡುತ್ತಾರೋ, ತಾವಾಗಿಯೇ ಇನ್ನೊಮ್ಮೆ ಒತ್ತುತ್ತಾರೋ ಅದನ್ನು ಬರೆದುಕೊಳ್ಳಿ.

ಆಡುವಾಗ ಓಬಿಎಸ್ ತಂತ್ರಾಂಶದಿಂದ ಪರದೆಯನ್ನು ರೆಕಾರ್ಡ್ ಮಾಡಿಟ್ಟುಕೊಂಡು ಸಾವುಗಳನ್ನು ಆಮೇಲೆ ಕಾಲು ವೇಗದಲ್ಲಿ ನೋಡಿ. ಇದರಲ್ಲಿ ನಿಜ ಹೊರಬೀಳುತ್ತದೆ.

ಮೊಬೈಲಿಗೂ ತರುವುದಾದರೆ ಪರೀಕ್ಷೆ ಬೇರೆಯೇ ಬೇಕು. ಬೆರಳಿಟ್ಟ ಜಾಗಕ್ಕೇ ನೌಕೆ ಬಂದರೆ ಹೆಬ್ಬೆರಳಿನಡಿ ಅದು ಮುಚ್ಚಿಹೋಗುತ್ತದೆ. ಬೆರಳು ಎಲ್ಲೇ ಇರಲಿ, ಅದು ಸರಿದಷ್ಟೇ ನೌಕೆಯೂ ಸರಿಯುವಂತೆ ಮಾಡಿ.

ಕನ್ನಡ ಅಕ್ಷರಗಳು

ಗೊಡೊ ಮೂರನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬೀಳುತ್ತಿದ್ದವು. ನಾಲ್ಕರಲ್ಲಿ ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಸೇರಿರುವುದರಿಂದ ಸರಿಯಾಗಿ ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2 ಫಾಂಟ್ ಬಳಸಿ, ಎರಡೂ ಮುಕ್ತ ಪರವಾನಗಿಯವು. ‘ರಾಷ್ಟ್ರೀಯ’, ‘ಸ್ತ್ರೀ’, ‘ಸೂರ್ಯ’ ಎಂದು ಬರೆದು ನೋಡಿ. ಮೂರೂ ಸರಿಯಿದ್ದರೆ ಉಳಿದದ್ದೂ ಸರಿಯಿರುತ್ತದೆ. ಎಂಟು ಪಿಕ್ಸೆಲ್ ಎತ್ತರದ ಹಳೆಗಾಲದ ಅಕ್ಷರಗಳ ಆಸೆ ಬಿಡಿ, ನಮ್ಮ ಒತ್ತುಗಳಿಗೆ ಅಷ್ಟರಲ್ಲಿ ಜಾಗವಿಲ್ಲ. 24ಕ್ಕಿಂತ ಕೆಳಗೆ ಇಳಿಯಬೇಡಿ. ಸ್ಕೋರನ್ನು ಕನ್ನಡ ಅಂಕಿಗಳಲ್ಲಿ ತೋರಿಸಬೇಕೆಂಬ ಆಸೆ ನನಗೂ ಇದೆ, ಆದರೆ ಗುಂಡುಗಳ ನಡುವೆ ಓರೆಗಣ್ಣಿನಲ್ಲಿ ಓದುವಾಗ ೬ ಮತ್ತು ೭ ಒಂದೇ ಥರ ಕಾಣುತ್ತವೆ. ಆಯ್ಕೆಯಾಗಿ ಇಡಿ.

ಬಿಡುಗಡೆ

ಮೊದಲು ಸಣ್ಣ ತಂಡಗಳ ಆಟಗಳಿಗೆ ಜಾಗ ಕೊಡುವ ಇಚ್.ಐಓ ತಾಣಕ್ಕೆ ಹಾಕಿ, ಖರ್ಚಿಲ್ಲ. ಬ್ರೌಸರಿನಲ್ಲೇ ಆಡುವಂತೆ ಮಾಡಿದರೆ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಸಾಕು, ಗೊಡೊ 4.3ರಿಂದ ಈ ಕೆಲಸ ಸುಲಭವಾಗಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಬೇಕು, ಗಳಿಕೆ 1,000 ಡಾಲರ್ ಮುಟ್ಟಿದ ಮೇಲೆ ಅದು ವಾಪಸ್ ಬರುತ್ತದೆ. ಪ್ಲೇ ಸ್ಟೋರ್‌ನ ನೋಂದಣಿ ಒಮ್ಮೆ 25 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಿರಬೇಕೆಂಬ ನಿಯಮವೂ ಅಲ್ಲಿದೆ. ಗಿರ್ಮಿಟ್ ತಿಂದ ಹುಡುಗರ ನಂಬರುಗಳನ್ನು ಇಟ್ಟುಕೊಂಡಿರಿ.

ಆಟ ಹೊರಬಂದ ಮೇಲೆ ಒಂದು ಗುಂಡಿನ ವೇಗವನ್ನು ಬದಲಿಸಿದರೂ ಆವೃತ್ತಿಯ ಸಂಖ್ಯೆಯನ್ನು ಏರಿಸಿ, ಏನು ಬದಲಾಯಿತೆಂದು ಬರೆಯಿರಿ, ಹಳೆಯ ಸ್ಕೋರ್ ಪಟ್ಟಿಯನ್ನು ಮುಚ್ಚಿ ಹೊಸದನ್ನು ತೆರೆಯಿರಿ. ಹಳೆಯ ಪಟ್ಟಿಯನ್ನು ಮಾತ್ರ ಅಳಿಸಬೇಡಿ. ಕಠಿಣವಾಗಿದ್ದ ಆವೃತ್ತಿಯಲ್ಲಿ ಗೆದ್ದವರು ಅದನ್ನು ತೋರಿಸಿಕೊಳ್ಳಲು ಮತ್ತೆ ಮತ್ತೆ ಬರುತ್ತಾರೆ.